ಹೆಣ ನಗಬೇಕಿತ್ತು

‘ಯಾರಿಗಪ್ಪಾ ಈ ಚಟ್ಟ?’

ಮೇಕಪ್ ಮುಗಿಸಿ ಅಂಗಳಕ್ಕೆ ಬಂದ ವನಜಮ್ಮ ಕೇಳಿದರು. ಬಿದಿರು ಕಟ್ಟುತ್ತಿದ್ದ ಆರ್ಟ್ ಅಸಿಸ್ಟೆಂಟ್ ತಲೆ ಎತ್ತದೆ ಹೇಳಿದ: ‘ನಿಮಗೇ ಅಮ್ಮಾ.’

ನಮ್ಮ ಸೀರಿಯಲ್ ಲೋಕದಲ್ಲಿ ಸಾವಿನ ಸುದ್ದಿ ತಲುಪುವುದು ಹೀಗೆಯೇ. ಪೇಮೆಂಟ್ ಜಾಸ್ತಿ ಕೇಳಿದ ಚಿಕ್ಕಪ್ಪನಿಗೆ ಆಕ್ಸಿಡೆಂಟ್, ಸಿನಿಮಾ ಸಿಕ್ಕ ತಂಗಿಗೆ ದುಬೈ. ವನಜಮ್ಮ ಏನೂ ಕೇಳಿರಲಿಲ್ಲ, ಪಾಪ. ನಾಯಕಿಯ ಅಮ್ಮನಾಗಿ ಮೂರು ವರ್ಷದಿಂದ ಅಳುತ್ತಿದ್ದರು, ಅಷ್ಟೆ. ‘ಅಮ್ಮನ ಟ್ರ್ಯಾಕ್ ಬೋರಿಂಗ್, ಮುಗಿಸಿ’ ಎಂದು ಹಿಂದಿನ ದಿನ ಚಾನೆಲ್‌ನಿಂದ ಫೋನ್ ಬಂತು. ಈ ಸೀರಿಯಲ್ ಬರೆಯುವವಳೂ ನಾನೇ, ಪ್ರೊಡ್ಯೂಸರೂ ನಾನೇ. ಮುಗಿಸಿದೆ. (ನಿಮ್ಮ ಕೆರಿಯರ್ ಬಗ್ಗೆ ಹೇಳಿ ಎನ್ನುವವರಿಗೆ ಇಷ್ಟು ಸಾಕಲ್ಲವೇ?) ಬೆಳಿಗ್ಗೆ ಅವರಿಗೆ ಹೇಳಬೇಕಿತ್ತು. ಬಾಯಿ ಬರಲಿಲ್ಲ.

ಇದು ಕಳೆದ ವಾರದ ಮಾತು, ಯಳಂದೂರು ಹತ್ತಿರದ ಅಗರದಲ್ಲಿ. ಶೂಟಿಂಗ್‌ಗೆ ನಾವು ಹಿಡಿದದ್ದು ಪುಟ್ಟಮಾದಮ್ಮನವರ ಹೆಂಚಿನ ಮನೆ. ಅವರ ಸೊಸೆ ತುಂಬು ಬಸುರಿ. ಬಸುರಿ ಇರುವ ಮನೆಯಲ್ಲಿ ಹೆಣ ಮಲಗಿಸುವುದಾ? ಪುಟ್ಟಮಾದಮ್ಮ ಸುತರಾಂ ಬೇಡ ಎಂದರು.

ನಮ್ಮ ಮ್ಯಾನೇಜರ್ ಸಮಾಧಾನ ಮಾಡಿದ. ಶೂಟಿಂಗ್‌ನವರಲ್ಲಿ ಒಂದು ಪದ್ಧತಿ ಇದೆ. ಸತ್ತ ಸೀನ್ ಮುಗಿದ ತಕ್ಷಣ ಕಲಾವಿದರು ಎದ್ದು ಕ್ಯಾಮೆರಾ ನೋಡಿ ನಗಬೇಕು. ಅದನ್ನೂ ಶೂಟ್ ಮಾಡಬೇಕು. ಕೆಟ್ಟದ್ದೆಲ್ಲ ಅಲ್ಲಿಗೆ ಕಳೆಯಿತು.

‘ಅಂಗಾರೆ ನಕ್ಕೇ ಓಗ್ಬೇಕು ಕಣ್ರಿ. ನಗ್ದೆ ಒಬ್ರೂ ಆಚ್ಗೆ ಓಗಂಗಿಲ್ಲ’ ಎಂದು ಪುಟ್ಟಮಾದಮ್ಮ ಒಪ್ಪಿದರು.

ಸೀನ್ ಚೆನ್ನಾಗಿ ಬಂತು. ಲೈಟ್ ಹುಡುಗರೂ ಅತ್ತರು. ಕಟ್ ಆಯಿತು. ‘ಅಮ್ಮಾ, ಈಗ ನಗಿ’ ಎಂದ ಕ್ಯಾಮೆರಾಮನ್.

ವನಜಮ್ಮ ಕಣ್ಣು ತೆರೆಯಲಿಲ್ಲ.

‘ಅಮ್ಮಾ?’

‘ನಗಲ್ಲ.’

ಕೊರಳಲ್ಲಿ ಹಾರ, ಮೂಗಿನಲ್ಲಿ ಹತ್ತಿ, ಹಾಗೇ ಮಲಗಿದ್ದಾರೆ. ಪುಟ್ಟಮಾದಮ್ಮ ಗೇಟಿಗೆ ಅಡ್ಡ ನಿಂತರು. ಕಿಟಕಿಯ ಹಿಂದೆ ಸೊಸೆ ಹೊಟ್ಟೆ ಹಿಡಿದುಕೊಂಡು ಇತ್ತಲೇ ನೋಡುತ್ತಿದ್ದಳು. ನಾನು ಚಟ್ಟದ ಪಕ್ಕದಲ್ಲಿ ಮಂಡಿಯೂರಿದೆ.

‘ವನಜಮ್ಮಾ, ದಯವಿಟ್ಟು.’

‘ಅಳು ಅಂದ್ರಿ, ಅತ್ತೆ. ಸಾಯಿ ಅಂದ್ರಿ, ಸತ್ತೆ. ಈ ವಯಸ್ಸಲ್ಲಿ ಇನ್ಯಾರು ಕರೀತಾರೆ ನನ್ನ? ಯಾವ ಮುಖ ಇಟ್ಕೊಂಡು ನಗಲಿ?’

ಅವರ ಕೊರಳಿನ ಹಾರ ಸರಿಮಾಡಲು ಹೋದೆ. (ದಿನಾ ಬರೆಯುವ ಕೈ!) ನಾಚಿಕೆಯಾಯಿತು.

ಪುಟ್ಟಮಾದಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಕೂತರು.

‘ಅವ್ವಾ, ಇವ್ರು ಮಾಡಿದ್ದು ತಪ್ಪೇ ಕಣವ್ವಾ. ನಮ್ಮುಡ್ಗಿ ಏನ್ ಮಾಡವ್ಳೆ? ಇಂದ್ಲು ಎರಡು ಬಸುರೂ ನಿಂತ್ಕನಿಲ್ಲ. ಇದೊಂದಾರ ಉಳೀಲಿ ಅಂತ ಮಾದಪ್ಪಂಗೆ ಅರಕೆ ಒತ್ತಿವ್ನಿ. ಅವ್ಳಿಗೋಸ್ಕರ ನಗವ್ವಾ.’

ವನಜಮ್ಮ ಕಣ್ಣು ಬಿಟ್ಟರು. ನನ್ನನ್ನು ನೋಡಲಿಲ್ಲ. ಎದ್ದು ಕೂತು, ಹತ್ತಿ ಕಿತ್ತೆಸೆದು, ಕಿಟಕಿಯತ್ತ ತಿರುಗಿದರು.

‘ಹೆದರ್ಬೇಡ ಕಂದಾ. ಸತ್ತಿಲ್ಲ ನಾನು.’

ನಕ್ಕರು. ಬಾಯಿ ತುಂಬ ನಕ್ಕರು. ಕ್ಯಾಮೆರಾಮನ್ ಗಡಿಬಿಡಿಯಲ್ಲಿ ಕ್ಯಾಮೆರಾ ಅತ್ತ ತಿರುಗಿಸಿದ. ಕಿಟಕಿಯ ಹಿಂದಿನ ಹುಡುಗಿಯೂ ನಕ್ಕಳು. ಪುಟ್ಟಮಾದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗೇಟು ತೆರೆದರು. ವನಜಮ್ಮನ ಕೆನ್ನೆಯಲ್ಲಿ ಗುಳಿ ಬೀಳುತ್ತದೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ನಗುವ ಸೀನ್ ಒಂದಾದರೂ ನಾನು ಬರೆದಿದ್ದರೆ ತಾನೆ?

ಮರುದಿನದ ಶೂಟಿಂಗ್ ಹನೂರಿನಲ್ಲಿ. ವ್ಯಾನ್ ಕೊಳ್ಳೇಗಾಲ ದಾಟುವಾಗ ಮನಸ್ಸು ತಡೆಯದೆ ಆ ನಗುವಿನ ಕ್ಲಿಪ್ಪನ್ನು ಚಾನೆಲ್‌ಗೆ ಕಳಿಸಿದೆ. ‘ಅಮ್ಮನನ್ನು ಮುಗಿಸಿ’ ಎಂದಿದ್ದ ಅದೇ ಮಹಾಶಯರಿಂದ ತಕ್ಷಣ ಉತ್ತರ ಬಂತು:

‘ಸೂಪರ್ ಫೇಸ್ ಮೇಡಂ! ಇಷ್ಟು ದಿನ ಎಲ್ಲಿದ್ದರು ಇವರು?’