ಸೂಲಗಿತ್ತಿಯ ಅಂಗಳದಲ್ಲಿ ಅವ್ವ

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ನನ್ನ ಅವ್ವ ಪುಣೆಯಲ್ಲಿ ಡಾಕ್ಟರಿಕೆ ಕಲಿತು ಗೋಕಾಕಕ್ಕೆ ಬಂದಳು. ಆಗ ನಾನು ಅವಳ ಹೊಟ್ಟೆಯಲ್ಲಿದ್ದೆ. ಅವಳು ದವಾಖಾನೆ ತೆರೆದ ಮೊದಲ ದಿನ ನಾನೂ ಅಲ್ಲಿ ಹಾಜರಿದ್ದೆ ಎಂದು ಈಗಲೂ ಜಂಬದಿಂದ ಹೇಳಿಕೊಳ್ಳುತ್ತೇನೆ.

ದವಾಖಾನೆ ಅಂದರೆ ಪೇಟೆಯ ಒಂದು ಕೋಣೆ. ಒಂದು ಮೇಜು, ಕೂಡಲು ಒಂದು ಬಾಕು, ನಡುವೆ ಅಪ್ಪ ಕಟ್ಟಿದ ಪರದೆ. ಅಪ್ಪ ಸಾಲೆಯಲ್ಲಿ ಚಿತ್ರಕಲೆ ಮಾಸ್ತರ. ಸಾಲೆ ಬಿಟ್ಟ ಮೇಲೆ ಬಂದು ಮೂಲೆಯಲ್ಲಿ ಕೂತು ಮಕ್ಕಳ ಚಿತ್ರದ ಹಾಳೆಗಳನ್ನು ತಿದ್ದುತ್ತಿದ್ದ. ಮೊದಮೊದಲು ಬಂದವರೆಲ್ಲ ಔಷಧಿಗಲ್ಲ, ಹೆಣ್ಣು ಡಾಕ್ಟರ್ ಹೇಗಿರುತ್ತಾಳೆ ಎಂದು ನೋಡಲು ಬಂದವರು. ಒಬ್ಬ ಮುದುಕ ಬಂದು ಬಾಕಿನ ಮೇಲೆ ಕೂತು, "ಡಾಕ್ಟರ್ ಎಲ್ಲಿ ಹೋಗ್ಯಾರ್ರಿ?" ಎಂದು ಅವ್ವನನ್ನೇ ಕೇಳಿದನಂತೆ.

"ನಾನ ಡಾಕ್ಟರ್ ರೀ."

"ಅಲ್ರಿ ತಂಗೀ, ಖರೇ ಡಾಕ್ಟರ್?"

"ಖರೇ ಡಾಕ್ಟರೂ ನಾನ."

ಮುದುಕ ಅವಳನ್ನು ನೋಡಿದ, ಅಪ್ಪನನ್ನು ನೋಡಿದ. ಮತ್ತೆ ಅಪ್ಪನ ಕಡೆ ತಿರುಗಿ ನಾಲಿಗೆ ಚಾಚಿದ. ಅಪ್ಪ ಪೆನ್ಸಿಲ್ ಕೆಳಗಿಟ್ಟು, "ಅದನ್ನ ಅಕಿಗೆ ತೋರಸ್ರಿ ಅಜ್ಜಾರ. ನಾ ಮಾವಿನಹಣ್ಣಿನ ಚಿತ್ರಾ ತಗಿಯೋ ಮಾಸ್ತರ" ಅಂದನಂತೆ. ಈ ಮಾತನ್ನು ಅಪ್ಪ ನನಗೆ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಹೇಳುವಾಗಲೆಲ್ಲ ಮುದುಕನ ಹಾಗೆ ನಾಲಿಗೆ ಚಾಚಿ ತೋರಿಸುತ್ತಿದ್ದ.

ಅಪ್ಪನ ಅವ್ವ, ಅಂದರೆ ನನ್ನ ಆಯಿ, ಹುಕ್ಕೇರಿಯ ಮನೆಯಲ್ಲಿದ್ದಳು. ಸೊಸೆಯ ಓದಿನ ಬಗ್ಗೆ ಅವಳಿಗೆ ಸಿಟ್ಟಿತ್ತು. "ಸೂಲಗಿತ್ತಿ ಕೆಲಸಾ ಮಾಡಾಕ ಇಷ್ಟ ಓದಬೇಕಿತ್ತೇನ?" ಎನ್ನುತ್ತಿದ್ದಳು. ಒಮ್ಮೆ ಗೋಕಾಕಕ್ಕೆ ಬಂದವಳು ಹಿತ್ತಲಿನ ಹಗ್ಗದ ಮೇಲೆ ಅವ್ವ ತೊಳೆದು ಒಣಹಾಕಿದ್ದ ರಬ್ಬರಿನ ಕೈಗವಸುಗಳನ್ನು ನೋಡಿ, "ಮನಿ ಹಿಂದ ಕೈ ಕಡದ ತೂಗ ಹಾಕ್ಯಾಳಲ್ಲೋ!" ಎಂದು ಕೂಗಿ ಓಣಿಯನ್ನೆಲ್ಲ ಸೇರಿಸಿದ್ದಳು. ಅವಳು ಬಂದು ಇದ್ದಷ್ಟು ದಿನ, ಹೆರಿಗೆ ಮಾಡಿಸಿ ಬಂದ ಸೊಸೆ ತಲೆಸ್ನಾನ ಮಾಡದೆ ಹೊಸ್ತಿಲು ದಾಟುವಂತಿರಲಿಲ್ಲ. ಯಾವ ಜಾತಿಯವರನ್ನು ಮುಟ್ಟಿದೆ ಎಂದು ಬೇರೆ ಕೇಳುತ್ತಿದ್ದಳು. ಅವ್ವ ಹಿತ್ತಲಿಗೆ ಹೋಗಿ ನೀರು ಹೊಯ್ದುಕೊಳ್ಳುತ್ತಿದ್ದಳು.

ನನಗೆ ಎಂಟು ವರ್ಷವಾದಾಗ ಅವ್ವನಿಗೆ ಮೂಡಲಗಿಯ ಸರಕಾರಿ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಅಪ್ಪ ಅರ್ಜಿ ಹಾಕಿ ತಾನೂ ಮೂಡಲಗಿಯ ಸಾಲೆಗೆ ವರ್ಗ ಮಾಡಿಸಿಕೊಂಡ. "ಹೆಂಡ್ತಿ ಬೆನ್ನ ಹತ್ತಿ ಬಂದಾನ ಮಾಸ್ತರ" ಎಂದು ಜನ ನಕ್ಕರು. "ಹೌದ್ರಿ, ಬಂದೇನಿ" ಅನ್ನುತ್ತಿದ್ದ ಅಪ್ಪ.

ಆರು ತಿಂಗಳು ಕಳೆದರೂ ಒಬ್ಬ ಬಸುರಿಯೂ ದವಾಖಾನೆಯ ಮೆಟ್ಟಿಲು ಹತ್ತಲಿಲ್ಲ. ಜ್ವರ, ಕೆಮ್ಮು, ಕುಡಗೋಲು ತಾಗಿದ ಗಾಯ, ಇವಕ್ಕೆ ಗಂಡಸರು ಬರುತ್ತಿದ್ದರು. ಹೆರಿಗೆಗೆಲ್ಲ ಊರಿನ ಸೂಲಗಿತ್ತಿಯೇ ಬೇಕು. ಐವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಊರಿನ ಅರ್ಧ ಜನರನ್ನು ಭೂಮಿಗೆ ಇಳಿಸಿಕೊಂಡವಳು. "ಆ ಹುಡಿಗಿ ಹೊಟ್ಟಿ ಕೊಯ್ಯಾಕ ಕಲತ ಬಂದಾಳ, ಅಕಿ ಕಡೆ ಹೋಗಬ್ಯಾಡ್ರಿ" ಎಂದು ಅವಳು ಹೇಳುತ್ತಿದ್ದಾಳೆಂಬ ಸುದ್ದಿ ಅವ್ವನ ಕಿವಿಗೂ ಬಿತ್ತು.

ಬೇರೆ ಯಾರಾದರೂ ಆಗಿದ್ದರೆ ಮೇಲಿನವರಿಗೆ ದೂರು ಬರೆಯುತ್ತಿದ್ದರೇನೋ. ಅವ್ವ ಒಂದು ಮಧ್ಯಾಹ್ನ ದವಾಖಾನೆಯ ಬಾಗಿಲು ಹಾಕಿ ನನ್ನ ಕೈ ಹಿಡಿದುಕೊಂಡು ನೇರ ಸೂಲಗಿತ್ತಿಯ ಮನೆಗೆ ನಡೆದಳು. ಸೂಲಗಿತ್ತಿ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತದೆಯೇ ಕೇಳಿದಳು: "ಏನ ಕೆಲಸಾ ಇತ್ತರಿ ಬಾಯಾರ?"

"ಕಲಿಯಾಕ ಬಂದೇನ್ರಿ ಅಕ್ಕಾರ."

"ನನ್ನ ಚೇಷ್ಟಾ ಮಾಡಾಕ ಬಂದೀರೇನ?"

"ಇಲ್ರಿ. ಪುಣೆದಾಗ, ಗೋಕಾಕದಾಗ ಹೆರಗಿ ಮಾಡಿಸೇನಿ, ಆದ್ರ ಅಲ್ಲೆ ಬಾಜೂಕ ಹಿರೇ ಡಾಕ್ಟರ್ ಇರತಿದ್ರು. ಇಲ್ಲೆ ನಾ ಒಬ್ಬಾಕಿನ. ನೀವು ಹೊರಗಿಂದ ಹೊಟ್ಟಿ ಹಿಡದ ಕೂಸು ಹೆಂಗ ಮಲಗೇತಿ ಅಂತ ಹೇಳ್ತೀರಂತ. ಅದನ್ನ ನನಗ ತೋರಸ್ರಿ."

ಸೂಲಗಿತ್ತಿ ಮೊರ ಕೆಳಗಿಟ್ಟಳು. ಆಮೇಲೆ ಒಳಗಿನಿಂದ ತನ್ನ ಬಸುರಿ ಸೊಸೆಯನ್ನು ಕರೆದು ಪಡಸಾಲೆಯಲ್ಲಿ ಮಲಗಿಸಿದಳು. "ತಲಿ ಎಲ್ಲೈತಿ ಹೇಳ್ರಿ" ಅಂದಳು. ಅವ್ವ ಮುಟ್ಟಿ ಹೇಳಿದಳು. "ಬರೋಬ್ಬರಿ. ಬೆನ್ನ ಯಾವ ಮಗ್ಗಲಕೈತಿ?" ಅವ್ವ ಬಲಕ್ಕೆ ಅಂದಳು. ಸೂಲಗಿತ್ತಿ ಅವ್ವನ ಅಂಗೈಯನ್ನು ತನ್ನ ಅಂಗೈ ಕೆಳಗೆ ಹಿಡಿದು ಮೆಲ್ಲಗೆ ಎಡಕ್ಕೆ ಸರಿಸಿ, "ಒತ್ತಬ್ಯಾಡ್ರಿ, ಕೇಳ್ರಿ. ಕೈಲೆ ಕೇಳ್ರಿ" ಅಂದಳು. ನನ್ನ ಅವ್ವ, ಪುಣೆಯಲ್ಲಿ ಓದಿದವಳು, ಕಣ್ಣು ಮುಚ್ಚಿ ತಲೆಯಾಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ. "ಹೌದರಿ. ಎಡಕ್ಕೈತಿ. ನಂದ ತಪ್ಪಾತು."

ಆವತ್ತು ಬೆಲ್ಲದ ಚಹಾ ಆಯಿತು. ಚಹಾ ಕುಡಿಯುತ್ತ ಅವ್ವ, ಹೊಕ್ಕುಳಬಳ್ಳಿ ಕೊಯ್ಯುವ ಮೊದಲು ಕತ್ತರಿ ಕುದಿಸಬೇಕು, ಉಗುರು ತೆಗೆದು ಸಾಬೂನಿನಿಂದ ಕೈ ತೊಳೆಯಬೇಕು ಎಂದಳು.

"ಕುದಿಸಿದ್ರ ಏನಾಗತೈತಿ?"

"ಬಾಣಂತಿಗೆ ಜ್ವರ ಬರೂದ ಕಡಿಮಿ ಆಗತೈತ್ರಿ."

ಸೂಲಗಿತ್ತಿ ಚಹಾದ ಬಸಿ ಕೆಳಗಿಟ್ಟಳು. "ನನ್ನ ಮಗಳು ಬಾಣಂತಿ ಜ್ವರಕ್ಕ ಹೋದ್ಳು. ಹೆರಗಿ ನಾನ ಮಾಡ್ಸಿದ್ದೆ" ಅಂದಳು. ಅವ್ವ ಎದ್ದು ಅವಳ ಹತ್ತಿರ ಕೂತಳು. "ಅವಾಗ ಇದನ್ನ ನಿಮಗ ಹೇಳವರ ಯಾರೂ ಇರಲಿಲ್ಲರಿ ಅಕ್ಕಾರ. ನಿಮ್ಮ ತಪ್ಪಲ್ಲ." ಸೂಲಗಿತ್ತಿ ಸೆರಗಿನಿಂದ ಮುಖ ಒರೆಸಿಕೊಂಡು, "ಆ ಸಾಬೂನ ಎಲ್ಲಿ ಸಿಗತೈತಿ ಹೇಳ್ರಿ" ಅಂದಳು.

ಮುಂದಿನ ಮಳೆಗಾಲದ ಒಂದು ಬೆಳಿಗ್ಗೆ ದವಾಖಾನೆಯ ಮುಂದೆ ಚಕ್ಕಡಿ ಬಂದು ನಿಂತಿತು. ಪಕ್ಕದ ಹಳ್ಳಿಯ ಒಕ್ಕಲುತನದ ಮನೆಯ ಸೊಸೆ ಒಳಗೆ ಮಲಗಿದ್ದಳು. ಅವಳ ಜೊತೆಗೇ ಬಂದಿದ್ದ ಸೂಲಗಿತ್ತಿ ಕೆಳಗಿಳಿದವಳೇ ಹೇಳಿದಳು: "ಕೂಸ ಅಡ್ಡಾಗೇತ್ರಿ ಬಾಯಾರ. ಕೈ ಮೊದಲ ಹೊರಗ ಬಂದೈತಿ. ಇದು ನನ್ನ ಒಬ್ಬಾಕಿ ಕೈಲೆ ಆಗೂದಲ್ಲ."

ದೊಡ್ಡ ಆಸ್ಪತ್ರೆಗೆ ಕಳಿಸೋಣವೆಂದರೆ ಘಟಪ್ರಭೆ ತುಂಬಿ ಗೋಕಾಕದ ದಾರಿ ಬಂದಾಗಿತ್ತು. ಕಂಪೌಂಡರ್ ರಜೆಯಲ್ಲಿದ್ದ. ಅವ್ವ ನನ್ನನ್ನು ಸಾಲೆಗೆ ಓಡಿಸಿದಳು. ಅಪ್ಪ ಬಣ್ಣದ ಕೈಯಲ್ಲೇ ಓಡಿ ಬಂದ. ಅವನಿಗೆ ಕೈ ತೊಳೆಸಿ, ಎಚ್ಚರ ತಪ್ಪಿಸುವ ಕ್ಲೋರೋಫಾರ್ಮಿನ ಶೀಶೆ ಕೊಟ್ಟು, "ಅಕಿ ಮೂಗಿನ ಮ್ಯಾಲಿನ ಅರಿವಿಗೆ ಒಂದೊಂದ ಹನಿ. ನಾ ಹೇಳಿದಾಗ ಹಾಕಬೇಕು, ಬ್ಯಾಡ ಅಂದ್ರ ನಿಲ್ಲಸಬೇಕು. ಅಕಿ ಉಸಿರಿನ ಮ್ಯಾಲ ಕಣ್ಣಿರಲಿ" ಅಂದಳು. ನಾನು ಪಡಸಾಲೆಯಲ್ಲಿ ಸ್ಟೋವಿನ ಮುಂದೆ ಕೂತು ನೀರು ಕುದಿಸುತ್ತಿದ್ದೆ. ಬಾಗಿಲು ಮುಚ್ಚಿತ್ತು, ದನಿಗಳು ಮಾತ್ರ ಕೇಳುತ್ತಿದ್ದವು.

"ಹನಿ," ಅವ್ವನ ದನಿ. "ಹನಿ. ಸಾಕು."

"ನನಗ ಕಾಲ ಸಿಗವಲ್ತು ಅಕ್ಕಾರ."

"ತಡೀರಿ. ನಾ ಹೊರಗಿಂದ ತಲಿ ಮ್ಯಾಲಕ ಒತ್ತತೇನಿ. ಈಗ ನೋಡ್ರಿ."

"ಸಿಕ್ತು!"

ಒಳಗೆ ಅವ್ವನ ಸಣ್ಣ ಕೈ, ಹೊರಗೆ ಸೂಲಗಿತ್ತಿಯ ಅಗಲವಾದ ಕೈ, ಎರಡೂ ಸೇರಿ ಕೂಸನ್ನು ತಿರುಗಿಸಿದವು. ಇದನ್ನೆಲ್ಲ ಅಪ್ಪ ಆಮೇಲೆ ಚಿತ್ರ ಬರೆದು ನನಗೆ ವಿವರಿಸಿದ. ಕೂಸು ಕಾಲಿನ ಕಡೆಯಿಂದ ಬಂತು, ನೀಲಿಯಾಗಿತ್ತು, ಅಳಲಿಲ್ಲ. ಅವ್ವ ಅದರ ಬಾಯಿಗೆ ಬಾಯಿಟ್ಟು ಊದಿದಳು. ಹೊರಗೆ ಕೂತಿದ್ದ ನಾನು ಆ ಸುಮ್ಮನಿರುವಿಕೆ ಸಹಿಸಲಾಗದೆ ಎರಡೂ ಕಿವಿ ಮುಚ್ಚಿಕೊಂಡಿದ್ದೆ. ಹಾಗಾಗಿ ಕೂಸಿನ ಮೊದಲ ಅಳು ನನಗೆ ಕೇಳಲೇ ಇಲ್ಲ. ಪಡಸಾಲೆಯಲ್ಲಿ ಕೂತಿದ್ದ ಅವಳ ಮನೆಯವರೆಲ್ಲ ಒಮ್ಮೆಲೇ ಎದ್ದು ನಿಂತದ್ದು ಕಂಡು ಕೈ ತೆಗೆದೆ.

ಹೆಣ್ಣು ಕೂಸು. ತಾಯಿಯೂ ಬದುಕಿದಳು. ಅತ್ತೆಯಾದವಳು ಅವ್ವನ ಕಾಲಿಗೆ ಬೀಳಲು ಬಂದಾಗ ಅವ್ವ ಅವಳ ತೋಳು ಹಿಡಿದು, "ಅಕ್ಕಾರು ಇರಲಿಲ್ಲಂದ್ರ ನನಗ ಆಗತಿರಲಿಲ್ಲ" ಅಂದಳು. ಅಪ್ಪ ಆಗಲೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ.

ಮರುವಾರದಿಂದ ಬಸುರಿಯರು ಬರತೊಡಗಿದರು, ಸೂಲಗಿತ್ತಿಯೇ ಕರೆದುಕೊಂಡು ಬರುತ್ತಿದ್ದಳು. ಅವ್ವ ಪತ್ರದ ಮೇಲೆ ಪತ್ರ ಬರೆದು ಅವಳಿಗೆ ಸರಕಾರದ ದಾಯಿ ತರಬೇತಿ ಕೊಡಿಸಿದಳು. ಪ್ರಮಾಣಪತ್ರ ಬಂದ ದಿನ ಸೂಲಗಿತ್ತಿ ಅದನ್ನು ಅಪ್ಪನಿಂದ ಮೂರು ಸಲ ಓದಿಸಿ ಕೇಳಿದಳು. ಮೂರನೆಯ ಸಲ, "ಸಾವಕಾಶ ಓದ್ರಿ ಮಾಸ್ತರ, ಗಡಿಬಿಡಿ ಮಾಡಬ್ಯಾಡ್ರಿ" ಎಂದು ಬೈದಳು.

ಅದಾದ ಎರಡು ವರ್ಷಕ್ಕೆ ಅವ್ವನಿಗೆ ಹುಕ್ಕೇರಿಗೆ ವರ್ಗವಾಯಿತು. ಈಗ ಆಯಿಯ ಮನೆಯಲ್ಲೇ ನಮ್ಮ ವಾಸ. ದಿನದ ಹೊತ್ತು ಮುಗಿದು ದವಾಖಾನೆ ಮುಚ್ಚಿದ ಮೇಲೂ ಹೆಂಗಸರು ಮನೆಯ ಮುಂದೆ ಬಂದು ಕೂಡುತ್ತಿದ್ದರು. ಬಂದವರಿಗೆ ನೀರು ಕೊಡದೆ ಕೂಡಿಸುವುದು ಆಯಿಯ ಸ್ವಭಾವದಲ್ಲೇ ಇರಲಿಲ್ಲ. ನೀರು ಕೊಡುತ್ತ ಕೊಡುತ್ತ, ಯಾರು ಮೊದಲು ಬಂದರು, ಯಾರಿಗೆ ನೋವು ಜಾಸ್ತಿ ಎಂದು ನೋಡಿ ಒಳಗೆ ಬಿಡುವ ಕೆಲಸವೂ ತಾನಾಗಿ ಅವಳ ಕೈಗೆ ಬಂತು.

ಒಂದು ದಿನ ಬೆಲ್ಲದ ಬಾಗೇವಾಡಿಯ ಶ್ರೀಮಂತರೊಬ್ಬರು ಹೆಂಡತಿಯನ್ನು ತೋರಿಸಲು ಜೀಪಿನಲ್ಲಿ ಬಂದರು. ಆಗಲೇ ಯಮಕನಮರಡಿ ಕಡೆಯಿಂದ ಒಬ್ಬ ಕೂಲಿ ಹೆಂಗಸು ಹೆರಿಗೆಯ ಬ್ಯಾನಿ ತಿನ್ನುತ್ತ ಬಂದು ಬೇಲಿಯ ಹೊರಗೇ ನಿಂತಿದ್ದಳು. ಅವಳ ಮನೆಯವರು ಆಗಷ್ಟೇ ಬೌದ್ಧ ಧರ್ಮಕ್ಕೆ ಸೇರಿದ್ದರು. ಊರವರಿಗೆ ಮಾತ್ರ ಅವರ ಹಳೆಯ ಜಾತಿಯೇ ನೆನಪಿತ್ತು. ಅವ್ವ ಒಳಗೆ ಇನ್ನೊಬ್ಬಳ ಕಾಲಿನ ಗಾಯ ಹೊಲಿಯುತ್ತಿದ್ದಳು. ಕಿಟಕಿಯಿಂದ ನೋಡಿ, "ಅತ್ತೀ, ಅಕಿನ್ನ ಹಿಡಕೊಂಡ ಒಳಗ ಕರಕೊಂಡ ಬರ್ರಿ, ಬೀಳ್ತಾಳ" ಎಂದು ಕೂಗಿದಳು.

ಆಯಿ ಕಟ್ಟೆಯ ಮೇಲೆ ನಿಂತೇ ಇದ್ದಳು. ನಾನು ಅವಳ ಮುಖ ನೋಡಿದೆ. ಹೆಂಗಸು ಹೊಟ್ಟೆ ಹಿಡಿದು ಮುಂದಕ್ಕೆ ಬಾಗಿದಳು. ಆಯಿ ಇಳಿದು ಹೋಗಿ ಅವಳ ಸೊಂಟಕ್ಕೆ ಕೈ ಹಾಕಿದಳು. "ಸಾವಕಾಶ ಬಾರವ್ವಾ" ಅನ್ನುತ್ತ ಮೆಟ್ಟಿಲು ಹತ್ತಿಸಿದಳು. ಶ್ರೀಮಂತರು, "ನಾವು ಲಗೂನ ಹೋಗಬೇಕಿತ್ತರಿ" ಅಂದರು. "ಕೂಡ್ರಿ," ಅಂದಳು ಆಯಿ, "ಕೂಸಿಗೆ ನಿಮಗಿಂತ ಲಗೂ ಐತಿ." ಅವರು ಕೂತರು.

ಹೆರಿಗೆಯಾದ ಮೇಲೆ ಆ ಹೆಂಗಸನ್ನು ಮುಟ್ಟಿದ್ದ ಆಯಿಗೆ ಸ್ನಾನ ಬೇಕಾದೀತೆಂದು ನಾನು ಹಂಡೆಗೆ ನೀರು ತುಂಬಲು ಹೋದೆ. "ನನಗ ಬ್ಯಾಡ," ಅಂದಳು ಅವಳು. "ನಿಮ್ಮವ್ವಗ ಇಡು, ಅಕಿ ಮುಂಜಾನಿಂದ ನಿಂತಾಳ. ಮೊದಲ ಚಾ ಮಾಡ ಹೋಗ." ಆಯಿ ಒಂದೇ ದಿನದಲ್ಲಿ ಬದಲಾದಳೆಂದು ನಾನು ಹೇಳುವುದಿಲ್ಲ, ಮುಂದೆಯೂ ಎಷ್ಟೋ ಸಲ ಗೊಣಗಿದಳು. ಆದರೆ ಯಾವ ಜಾತಿಯವರನ್ನು ಮುಟ್ಟಿದೆ ಎಂದು ಅವ್ವನನ್ನು ಮತ್ತೆಂದೂ ಕೇಳಲಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತ, "ನಾ ಡಾಕ್ಟರಬಾಯಿ ಅತ್ತಿ" ಎಂದು ಕೇಳದವರಿಗೂ ಹೇಳುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಹಿಡಕಲ್ಲಿನಲ್ಲಿ ಅಣೆಕಟ್ಟಿನ ಕೆಲಸ ಸುರುವಾದಾಗ ಅಲ್ಲಿ ಮಣ್ಣು ಹೊರುವ ಹೆಂಗಸರಿಗಾಗಿ ಅವ್ವ ವಾರಕ್ಕೊಮ್ಮೆ ಹೋಗತೊಡಗಿದಳು. ನನ್ನನ್ನು ಗೋಕಾಕದ ಹೈಸ್ಕೂಲಿಗೆ ಸೇರಿಸುವ ದಿನವೂ ಅವಳು ಹಿಡಕಲ್ಲಿನಲ್ಲೇ ಇದ್ದಳು. ಅಪ್ಪನೇ ನನ್ನನ್ನು ಕರೆದುಕೊಂಡು ಹೋದ. ಹೆಡ್‌ಮಾಸ್ತರರು ಅರ್ಜಿಯಿಂದ ತಲೆಯೆತ್ತಿ, "ಯಾರ ಮಗಳವಾ ನೀ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಎದೆಯುಬ್ಬಿಸಿ, "ಡಾಕ್ಟರಬಾಯಿ ಮಗಳ್ರಿ" ಅಂದುಬಿಟ್ಟ. ಹೆಡ್‌ಮಾಸ್ತರರು ಪೆನ್ನು ಹಿಡಿದುಕೊಂಡೇ ಅವನನ್ನು ನೋಡಿದರು.

"ಮಾಸ್ತರ ಮಗಳೂ ಹೌದರಿ" ಅಂದೆ ನಾನು.