ರೆಕ್ಕೆ ಮುರಿಯುವ ಉದ್ಯೋಗ

ನಲವತ್ತರ ದಶಕದಲ್ಲಿ ನಾನು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿದ್ದೆ. ರೆಕ್ಕೆ ಎಷ್ಟು ಭಾರ ತಾಳುತ್ತದೆಂದು ಲೆಕ್ಕ ಹಾಕುವುದು, ಆಮೇಲೆ ಅದು ಮುರಿಯುವ ತನಕ ಮರಳಿನ ಚೀಲ ಹೇರುವುದು ನನ್ನ ಕೆಲಸ. ಹಾರಾಟದಲ್ಲಿ ಬೀಳಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟು ತಾಳಿದರೆ ರೆಕ್ಕೆ ಪಾಸು. ರಜೆಯಲ್ಲಿ ನಮ್ಮೂರು ಮಂಕಿಗೆ ಬಂದಾಗ ದೊಡ್ಡಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅವಳ ತಲೆಯಲ್ಲಿ ಉಳಿದದ್ದು ಮುರಿಯುವುದೊಂದೇ.

"ಎಂತಾ, ಮುರಿಯೂಕೂ ಸಂಬಳ ಕೊಡ್ತ್ರಾ?"

ಅದೇ ವಾರ ಹೆಣ್ಣು ನೋಡಲು ಕುಮಟೆಗೆ ಹೋದೆವು. ಹುಡುಗಿಯ ಅಪ್ಪ ನನಗೆಂದೇ ಪಕ್ಕದ ಮನೆಯಿಂದ ಬೆತ್ತದ ಕುರ್ಚಿ ತರಿಸಿದ್ದರು. ನಾನು ಇನ್ನೂ ಕೂರಬೇಕು, ಅಷ್ಟರಲ್ಲಿ ಹುಡುಗನಿಗೆ ಏನು ಕೆಲಸ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಹೆಮ್ಮೆಯಿಂದ ಹೇಳಿದಳು: "ಭಾರ ಹಾಕಿ ವಿಮಾನದ ರೆಕ್ಕೆ ಮುರೀತಾ. ಇವ್ನ ಕೈಲಿ ಉಳದದ್ದು ಒಂದೂ ಇಲ್ಲ!"

ಅವರು ಕುರ್ಚಿಯನ್ನು ಮೆಲ್ಲಗೆ ಒಳಗಿಟ್ಟು ಬಂದು, ನನಗೆ ಚಾಪೆ ಹಾಸಿದರು.