ಬಸವಣ್ಣನ ಗುಡಿಯ ಕಲ್ಲಿನ ಅಚ್ಚು

ನಿಮ್ಮ ಅವ್ವ ಎಂ.ಎ. ಮುಗಿಸಿದ್ದು ಅವಳ ದೊಡ್ಡಪ್ಪನ ಕೃಪೆಯಿಂದ ಎಂದು ಮೊನ್ನೆ ಲಗ್ನದ ಮನೆಯಲ್ಲಿ ಯಾರೋ ನಿಮಗೆ ಹೇಳಿದರು. ನಾನು ಅಲ್ಲೇ ಕೂತಿದ್ದೆ. ಹತ್ತು ಜನರ ನಡುವೆ ನನಗೆ ಮಾತು ಬರುವುದಿಲ್ಲ. ಹಳ್ಳಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇದೆ, ಅದರಲ್ಲಿ ಬರೆಯುತ್ತೇನೆ. ಕೃಪೆ ಗಿಪೆ ಏನೂ ಇರಲಿಲ್ಲ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಮಗಳ ಓದಿಗಾಗಿ ಧಾರವಾಡದಲ್ಲಿ ಒಂದು ಖೋಲಿ ಹಿಡಿದಿದ್ದೆ. ಬಿ.ಎ. ಆಯಿತು. ಸಾಕು, ಇನ್ನು ಲಗ್ನ ಎಂದರು ಭಾವ, ಅಂದರೆ ನಿಮ್ಮ ಅಜ್ಜನ ಅಣ್ಣ. ಅವಳು ಪ್ರಾಚೀನ ಇತಿಹಾಸದಲ್ಲಿ ಎಂ.ಎ.ಗೆ ಹೆಸರು ಹಚ್ಚಿದಳು. ನಮ್ಮ ಸೀಮೆಯ ಹಳೆಯ ಊರುಗಳ ಮೇಲೆ ಪ್ರಬಂಧ ಬರೆದು ಮುಂಬಯಿಗೆ ಕಳಿಸಬೇಕಿತ್ತು, ಆಗ ನಮ್ಮ ಕಡೆಗೂ ಅಲ್ಲಿಯದೇ ಯುನಿವರ್ಸಿಟಿ. ನಮ್ಮೂರ ಬಸವಣ್ಣನ ಗುಡಿಯ ಮುಂದೆ ಒಂದು ಶಾಸನದ ಕಲ್ಲಿತ್ತು. ಅದನ್ನು ಯಾರೂ ಓದಿರಲಿಲ್ಲ. ಕಾಗದದ ಮೇಲೆ ಅದರ ಅಚ್ಚು ಇಲ್ಲದೆ ಪ್ರಬಂಧ ನಿಲ್ಲುವುದಿಲ್ಲವೆಂದು ಅವಳ ಗುರುಗಳು ಮೂರು ದೊಡ್ಡ ಹಾಳೆ, ಬ್ರಶ್, ಮಸಿ ಕೊಟ್ಟು ಕಳಿಸಿದರು.

ಮುಗದದಲ್ಲಿ ರೈಲು ಇಳಿದು ಹೊಲದ ದಾರಿ ಹಿಡಿದು ನಡೆದೆವು. ಭಾವನನ್ನು ಕೇಳಿದರೆ ಬೇಡವೆನ್ನುತ್ತಾರೆ. ಕೇಳದೆ ನೆಟ್ಟಗೆ ಗುಡಿಗೆ ಹೋದೆವು.

ಕಲ್ಲಿನ ಮೇಲೆ ಎಣ್ಣೆಯ ಜಿಡ್ಡು ಬೆರಳು ಗಾತ್ರ ಕೂತಿತ್ತು. ಸೀಗೆಪುಡಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆದೆವು. ಎಣ್ಣೆಯ ಬಟ್ಟಲು ಹಿಡಿದು ಬಂದ ಮುದುಕಿಯೊಬ್ಬಳು ನೋಡುತ್ತ ನಿಂತಳು.

“ಕಲ್ಲಿಗೆ ಸೀಗಿಕಾಯಿ ಹಚ್ಚಿ ಎರದೀರಲ್ಲ, ಅದರ ಲಗ್ನ ಗೊತ್ತಾತೇನವ್ವಾ?”

ಒದ್ದೆ ಹಾಳೆಯನ್ನು ಕಲ್ಲಿಗೆ ಹೊಂದಿಸಿ, ಅಕ್ಷರದ ಕುಳಿಯೊಳಗೆ ಇಳಿಯುವಂತೆ ಬ್ರಶ್ಶಿನಿಂದ ಬಡಿಯಬೇಕು. ಆರುತ್ತ ಬಂದಾಗ ಮಸಿಯ ಬಟ್ಟೆ ಒತ್ತಿದರೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮಗಳು ಬಡಿದಳು. ಹಾಳೆ ಹರಿಯಿತು. ಎರಡನೆಯದೂ ನಟ್ಟನಡುವೆ ಹರಿಯಿತು. ಉಳಿದದ್ದು ಒಂದು. ಅವಳ ಕಣ್ಣಲ್ಲಿ ನೀರು ನೋಡಿ ನಾನು, “ಅತ್ತಾಗ ಸರಿ” ಎಂದು ಅವಳ ಜಾಗದಲ್ಲಿ ಕೂತೆ. ಬ್ರಶ್ ಬದಿಗಿಟ್ಟು ಅಂಗೈಯಿಂದ ತಟ್ಟತೊಡಗಿದೆ. ಹತ್ತು ವರ್ಷದವಳಿದ್ದಾಗಿನಿಂದ ಜೋಳದ ರೊಟ್ಟಿ ಬಡಿದ ಕೈ. ಎಲ್ಲಿ ತೆಳುವಾಗುತ್ತದೆ, ಎಲ್ಲಿ ಬಿರಿಯುತ್ತದೆ ಎಂದು ಅದಕ್ಕೆ ಹೇಳಿಕೊಡಬೇಕಾಗಿರಲಿಲ್ಲ. ಹಾಳೆ ಕಲ್ಲಿಗೆ ಕೂತಿತು.

ಅಷ್ಟರಲ್ಲಿ ಭಾವ ಬಂದರು. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ್ದರೂ ಅವರು ನನ್ನೊಡನೆ ಮಾತಾಡಿರಲಿಲ್ಲ, ನಾನು ಅವರೊಡನೆ ಆಡಿರಲಿಲ್ಲ. ಏನಿದ್ದರೂ ಮೂರನೆಯವರ ಮೂಲಕ, ಆಗಿನ ರೂಢಿ ಅದು. ಸೆರಗು ಎಳೆದುಕೊಂಡೆ. ತಟ್ಟುವುದನ್ನು ಬಿಡಲಿಲ್ಲ.

“ನಿಮ್ಮವ್ವಗ ಹೇಳು, ಎದ್ದು ಮನಿಗೆ ನಡೀ ಅಂತ,” ಎಂದರು ಮಗಳಿಗೆ. “ಗಂಡ ಸತ್ತಾಕಿ ಗುಡಿ ಕಲ್ಲ ಮುಟ್ಯಾಳ. ಮಗಳು ಮಸಿ ಕಲಸಾಕತ್ಯಾಳ. ನಾಳಿ ನಿನ್ನ ನೋಡಾಕ ಬರೋ ಬೀಗರಿಗೆ ನಾ ಏನ್ ಹೇಳ್ಲಿ?”

“ಹುಡುಗಿ ಓದಾಕತ್ಯಾಳ ಅಂತ ಹೇಳ್ರಿ ದೊಡ್ಡಪ್ಪಾ.”

“ಓದಿ ಉದ್ಧಾರ ಮಾಡಿದ್ದು ಕಾಣ್ತೈತಿ. ತಗಿ ಆ ಕಾಗದ.”

ಯಾರೂ ತೆಗೆಯದಿದ್ದಾಗ ಅವರೇ ಕೈಯ ಬೆತ್ತದ ತುದಿಯನ್ನು ಹಾಳೆಯ ಅಂಚಿಗೆ ತಂದರು. ಎಬ್ಬಿಸಿದ್ದರೆ ಮೂರನೆಯದೂ ಹೋಗುತ್ತಿತ್ತು, ಅದರ ಹಿಂದೆ ಅವಳ ಎಂ.ಎ.ಯೂ. ಬೆತ್ತಕ್ಕೂ ಹಾಳೆಗೂ ನಡುವೆ ನನ್ನ ಅಂಗೈ ಇಟ್ಟೆ.

“ಕಾಗದ ಹಸಿ ಐತ್ರಿ. ಆರೂತನಕ ಮುಟ್ಟಬ್ಯಾಡ್ರಿ.”

ಅವರಿಗೆ ನಾನು ಆಡಿದ ಮೊದಲ ಮಾತು ಅದು. ಅಂಗೈ ತೆಗೆಯಲಿಲ್ಲ. ತಮ್ಮನ ಹೆಂಡತಿಯ ಕೈಗೆ ಬೆತ್ತ ತಾಗಿಸುವಂತಿರಲಿಲ್ಲ. ಭಾವ ಅದನ್ನು ಹಿಂದಕ್ಕೆ ಎಳೆದುಕೊಂಡು, ಸುತ್ತ ಒಮ್ಮೆ ನೋಡಿ ಗುಡಿಯ ಕಟ್ಟೆಯ ಮೇಲೆ ಕೂತರು. ಹಾಳೆ ಆರಿ, ಮಸಿ ಒತ್ತಿ, ಸುತ್ತಿ ಎತ್ತುವವರೆಗೂ ಕೂತೇ ಇದ್ದರು. ಹೊರಟಾಗ ಮಗಳಿಗೆ, “ಇನ್ನ ಈ ಊರಿಗೆ ಕಾಲಿಡಬ್ಯಾಡ್ರಿ ಇಬ್ರೂ,” ಎಂದರು. ಬೀಗರು ಬರಲೇ ಇಲ್ಲ. ಅದಕ್ಕೆ ನಾನು ಅಂದೂ ಅಳಲಿಲ್ಲ.

ಧಾರವಾಡದಲ್ಲಿ ಗುರುಗಳು ಅಚ್ಚನ್ನು ಮೇಜಿನ ಮೇಲೆ ಹರಡಿ ಬೆರಳಿಟ್ಟು ಓದಿದರು. ಅಕ್ಷರ ಒಂದೂ ಕೆಟ್ಟಿಲ್ಲ ಎಂದರು. ಆದರೆ ಕೊನೆಯ ಸಾಲು ಮಾತಿನ ನಡುವೆಯೇ ನಿಂತಿತ್ತು. ಗುಡಿಗೆ ಕೊಟ್ಟ ಹೊಲ ಎಲ್ಲಿಂದ ಶುರು ಎಂದಿದೆ, ಎಲ್ಲಿಯವರೆಗೆ ಎಂದಿಲ್ಲ. “ಉಳಿದದ್ದು ಕಲ್ಲಿನ ಹಿಂದ ಇರಬೇಕು. ನೋಡಲಿಲ್ಲೇನ್ರಿ?” ಎಂದರು.

ನೋಡಿರಲಿಲ್ಲ. ಆ ಬದಿಗೆ ಊರ ಹೆಂಗಸರು ಸಗಣಿ ತಟ್ಟಿ ಕುಳ್ಳು ಆರಿಸುತ್ತಾರೆ. ಮದುವೆಯಾಗಿ ಬಂದ ವರ್ಷ ನಾನೂ ಅಲ್ಲೇ ತಟ್ಟಿದ್ದೆ. ಅದರ ಕೆಳಗೆ ಅಕ್ಷರವಿದ್ದೀತೆಂದು ಯಾರಿಗೆ ಹೊಳೆಯಬೇಕು?

ಗುರುಗಳು ಇನ್ನೆರಡು ಹಾಳೆ ಕೊಟ್ಟರು. ಮಗಳು ನನ್ನ ಮುಖ ನೋಡಿದಳು. ಮುಂದಿನ ಸೋಮವಾರ ಅದೇ ರೈಲು ಹತ್ತಿದೆವು. ಮುಗದದಿಂದ ಊರವರೆಗೆ ನಾನೇ ಮುಂದೆ ನಡೆದೆ.

ಭಾವ ಕಟ್ಟೆಯ ಮೇಲಿದ್ದರು. ಈ ಸಲ ಮಗಳ ಕಡೆ ನೋಡಲಿಲ್ಲ.

“ಮತ್ಯಾಕ ಬಂದಿ?” ಎಂದು ನನ್ನನ್ನೇ ಕೇಳಿದರು.

“ಹಿಂದಿಂದು ಉಳದೈತ್ರಿ,” ಎಂದೆ. ಊರ ಬಾವಿಯಲ್ಲಿ ತುಂಬಿ ತಂದ ಕೊಡ ಇಳಿಸಿ, ಸೆರಗು ಸಿಕ್ಕಿಸಿ, ಕುಳ್ಳು ಕೀಳತೊಡಗಿದೆ.